ಗಿರಣಿಯ ಪಟ್ಟಾದಿಂದ ರಾಶಿಯ ಬೆಲ್ಟಿನವರೆಗೆ

ಚಿಕ್ಕಪಡಸಲಗಿ ಎಂದೊಡನೆ ನಾಡಿನವರಿಗೆ ನೆನಪಾಗುವುದು ಕೃಷ್ಣೆಗೆ ಅಡ್ಡಲಾಗಿ ರೈತರೇ ಕಟ್ಟಿಕೊಂಡ ಬ್ಯಾರೇಜು. ಜಮಖಂಡಿ ತಾಲ್ಲೂಕಿನ ಈ ಊರಿನ ಬಳಿ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ, ಕೃಷ್ಣಾ ತೀರದ ರೈತರು ಹಣ ಕೂಡಿಸಿ, ಮೈಬಗ್ಗಿಸಿ ದುಡಿದು 1989ರಲ್ಲಿ ಅದನ್ನು ಮುಗಿಸಿದರು. ‘ಶ್ರಮಬಿಂದು ಸಾಗರ’ ಎಂಬ ಹೆಸರು ಅದಕ್ಕೆ ಸುಮ್ಮನೆ ಬಂದುದಲ್ಲ. ಆಗ ಇದು ವಿಜಾಪುರ ಜಿಲ್ಲೆ. ಬಾಗಲಕೋಟೆ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಬ್ಯಾರೇಜು ಕಟ್ಟಿಸಿದವರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದದ್ದು, 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು ಎಲ್ಲರೂ ಬಲ್ಲ ಸಂಗತಿ.

ನೀರಿನ ಕಥೆಯನ್ನು ಬಹಳ ಜನ ಹೇಳಿದ್ದಾರೆ. ಆದರೆ ನೀರು ಹೊಲಕ್ಕೆ ಹತ್ತಿದ ಮಾತ್ರಕ್ಕೆ ಕಾಳು ಮನೆಗೆ ಬಂದಂತಾಗುವುದಿಲ್ಲ. ನೀರು ಬಂದಲ್ಲಿ ಒಂದು ಬೆಳೆ ಎರಡಾಗುತ್ತದೆ. ಬೆಳೆ ಎರಡಾದಲ್ಲಿ ರಾಶಿಯೂ ಎರಡಾಗುತ್ತದೆ. ರಾಶಿ ಎರಡಾದಲ್ಲಿ ಕೈಕೆಲಸದಿಂದ ಅದು ತೀರುವುದಿಲ್ಲ, ಯಂತ್ರ ಬೇಕಾಗುತ್ತದೆ. ಆ ಯಂತ್ರದ ಹೊಟ್ಟೆಯಲ್ಲಿ, ತಗಡಿನ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಸುತ್ತುತ್ತಿರುವುದು ಒಂದು ಕಪ್ಪು ರಬ್ಬರಿನ ಪಟ್ಟಿ. ಟ್ರ್ಯಾಕ್ಟರಿನ ಬಲವನ್ನು ಒಂದು ಗಾಲಿಯಿಂದ ಇನ್ನೊಂದು ಗಾಲಿಗೆ ದಾಟಿಸುವ ಬೆಲ್ಟು ಅದು. ಹರಿಯುವ ತನಕ ಅದು ಇದೆಯೆಂಬ ನೆನಪೇ ಯಾರಿಗೂ ಇರುವುದಿಲ್ಲ. ಹರಿದ ದಿನ ಮಾತ್ರ ಇಡೀ ಕಣ ನಿಂತುಬಿಡುತ್ತದೆ.

ಹಂತಿ ಬಿಟ್ಟ ಮೇಲೆ

ಕೃಷ್ಣಾ ತೀರದಲ್ಲಿ ರಾಶಿ ಎಂದರೆ ಹಿಂದೆ ಹಲವು ದಿನಗಳ ಕೆಲಸ, ಹಲವು ರಾತ್ರಿಗಳ ಜಾಗರಣೆ. ಕಣ ಕಡಿದು, ನೀರು ಚಿಮುಕಿಸಿ, ಸೆಗಣಿ ಸಾರಿಸಿ ಗಟ್ಟಿ ಮಾಡಬೇಕು. ನಡುವೆ ಮೇಟಿ ನಿಲ್ಲಿಸಬೇಕು. ಮೇಟಿಗೆ ಎತ್ತುಗಳ ಸಾಲು ಕಟ್ಟಿ ತೆನೆಯ ಮೇಲೆ ಸುತ್ತಿಸುವುದೇ ಹಂತಿ. ಎತ್ತುಗಳ ಹಿಂದೆ ನಡೆಯುವವರಿಗೆ ನಿದ್ದೆ ಬಾರದಿರಲೆಂದು ಹುಟ್ಟಿದ್ದು ಹಂತಿಯ ಹಾಡು. ತುಳಿದದ್ದು ಮುಗಿದ ಮೇಲೆ ಗಾಳಿಗೆ ಕಾದು, ಎತ್ತರದಲ್ಲಿ ನಿಂತು ತೂರಬೇಕು. ಗಾಳಿ ಬೀಸದಿದ್ದರೆ ರಾಶಿ ಮನೆ ಕಾಣದು.

ಈ ಎರಡು ಕೆಲಸಗಳನ್ನು, ಅಂದರೆ ತುಳಿಯುವುದನ್ನೂ ತೂರುವುದನ್ನೂ, ಒಂದೇ ಪೆಟ್ಟಿಗೆಯೊಳಗೆ ಮಾಡುವುದೇ ರಾಶಿ ಯಂತ್ರ. ಒಳಗಿನ ಉರುಳೆಯ ಮೇಲಿನ ಹಲ್ಲುಗಳು ತೆನೆಯನ್ನು ಬಡಿಯುತ್ತವೆ. ಅದು ಎತ್ತಿನ ಗೊರಸು. ಪಕ್ಕದ ಪಂಖ ಹೊಟ್ಟನ್ನು ಹಾರಿಸುತ್ತದೆ. ಅದು ಸಂಜೆಯ ಗಾಳಿ. ಕೆಳಗಿನ ಜರಡಿ ಅತ್ತಿತ್ತ ಅಲುಗಿ ಕಾಳನ್ನು ಬೇರೆ ಮಾಡುತ್ತದೆ. ಅದು ಹೆಣ್ಣುಮಕ್ಕಳ ಕೈಯ ಮೊರ. ಉರುಳೆ ಒಂದು ವೇಗದಲ್ಲಿ ತಿರುಗಬೇಕು, ಪಂಖ ಇನ್ನೊಂದು ವೇಗದಲ್ಲಿ, ಜರಡಿ ಮತ್ತೊಂದರಲ್ಲಿ. ಟ್ರ್ಯಾಕ್ಟರು ಕೊಡುವುದು ಮಾತ್ರ ಒಂದೇ ವೇಗ. ಆ ಒಂದನ್ನು ಮೂರಾಗಿ ಹಂಚಿಕೊಡುವ ಕೆಲಸ ಬೆಲ್ಟು ಮತ್ತು ಪುಲ್ಲಿಗಳದು. ದೊಡ್ಡ ಪುಲ್ಲಿಯಿಂದ ಸಣ್ಣದಕ್ಕೆ ಬೆಲ್ಟು ಹಾಕಿದರೆ ವೇಗ ಹೆಚ್ಚುತ್ತದೆ, ಸಣ್ಣದರಿಂದ ದೊಡ್ಡದಕ್ಕೆ ಹಾಕಿದರೆ ವೇಗ ತಗ್ಗಿ ಬಲ ಹೆಚ್ಚುತ್ತದೆ. ಲೆಕ್ಕ ಇಷ್ಟೇ.

ನೇಕಾರನ ಮನೆಯ ಪಾಠ

ಈ ಲೆಕ್ಕ ಹೊರಗಿನಿಂದ ಬಂದ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಕಂಡಿಕೆ ಸುತ್ತುವ ರಾಟಿಯನ್ನು ನೋಡಿದವರಿಗೆ ಅದು ಹೊಸದಲ್ಲ. ದೊಡ್ಡ ಚಕ್ರ, ಸಣ್ಣ ಕದಿರು, ಎರಡನ್ನೂ ಸುತ್ತಿ ಬಳಸಿದ ಒಂದು ದಾರ. ಚಕ್ರದ ಅಡ್ಡಳತೆ 60 ಸೆಂಟಿಮೀಟರ್, ಕದಿರಿನ ಮೇಲೆ ದಾರ ಕೂರುವ ಜಾಗದ ಅಡ್ಡಳತೆ 1 ಸೆಂಟಿಮೀಟರ್ ಇದ್ದರೆ, ಕೈಯಿಂದ ಚಕ್ರವನ್ನು ಒಂದು ಸುತ್ತು ತಿರುಗಿಸಿದಾಗ ಕದಿರು 60 ಸುತ್ತು ತಿರುಗುತ್ತದೆ. ಹೆಂಗಸರು ಮನೆಗೆಲಸದ ನಡುವೆ ತಿರುಗಿಸುತ್ತ ಬಂದ ರಾಟಿಯೇ ನಮ್ಮ ಕಡೆಯ ಮೊದಲ ಪಟ್ಟಾ ಯಂತ್ರ. ದಾರ ಸಡಿಲಾದರೆ ಕದಿರು ಜಾರುತ್ತದೆ, ಬಿಗಿಯಾದರೆ ಚಕ್ರ ಭಾರವಾಗುತ್ತದೆ ಎಂಬುದು ಆ ಹೆಂಗಸರಿಗೆ ಗೊತ್ತಿತ್ತು. ಇಂದಿನ ಬೆಲ್ಟಿನ ಆರೈಕೆಯ ಅರ್ಧ ಶಾಸ್ತ್ರ ಈ ಮಾತಿನಲ್ಲೇ ಇದೆ.

ಕಬ್ಬಿಣದ ಕೃಷಿ ಯಂತ್ರಗಳ ಚರಿತ್ರೆಯಲ್ಲೂ ಈ ಸೀಮೆಗೆ ಒಂದು ಜಾಗವಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ ಮಾಡಿ, ಬಳಿಕ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಮನೆತನದ ಆಯಿಲ್ ಎಂಜಿನ್ ಕಂಪನಿ ಪುಣೆಯಲ್ಲಿ ಶುರುವಾದದ್ದು 1946ರಲ್ಲಿ. ಹೊಳೆಯ ದಂಡೆಯಲ್ಲಿ, ಬಾವಿಯ ಅಂಚಿನಲ್ಲಿ, ಕಬ್ಬಿನ ಗಾಣದ ಪಕ್ಕದಲ್ಲಿ ಇಂಥ ಎಂಜಿನ್ನುಗಳು ಬಂದು ಕೂತಾಗ ಜತೆಗೆ ಬಂದದ್ದು ಅಗಲವಾದ ಚಪ್ಪಟೆ ಪಟ್ಟಾ. ಮಹಾಲಿಂಗಪುರದ ಪೇಟೆಗೆ ಹೋಗುವ ಬೆಲ್ಲದ ಹಿಂದೆಯೂ ಗಾಣಗಳ ಪಟ್ಟಾಗಳ ದುಡಿಮೆಯಿದೆ.

ಚಪ್ಪಟೆ ಪಟ್ಟಾದ ಗುಟ್ಟು

ಚಪ್ಪಟೆ ಪಟ್ಟಾವನ್ನು ಹೆಚ್ಚಿನವರು ಕಂಡಿರುವುದು ಹಿಟ್ಟಿನ ಗಿರಣಿಯಲ್ಲಿ. ಚರ್ಮದಿಂದಲೋ, ಹಲವು ಪದರಗಳ ಅರಿವೆಗೆ ರಬ್ಬರು ಮೆತ್ತಿಯೋ ಮಾಡಿದ ಉದ್ದ ಪಟ್ಟಿ. ಅದರ ಎರಡು ತುದಿಗಳನ್ನು ಉಕ್ಕಿನ ಹಲ್ಲಿನ ಕ್ಲಿಪ್ಪಿನಿಂದ ಜೋಡಿಸುತ್ತಾರೆ. ಆ ಜೋಡಣೆ ಪುಲ್ಲಿಯ ಮೇಲೆ ಹಾಯ್ದಾಗಲೆಲ್ಲ ‘ಟಕ್’ ಎಂಬ ಸಪ್ಪಳ. ಗಿರಣಿ ನಡೆದಿದೆಯೋ ಇಲ್ಲವೋ ಎಂಬುದನ್ನು ಓಣಿಯ ಜನ ಆ ಸಪ್ಪಳದಿಂದಲೇ ತಿಳಿಯುತ್ತಿದ್ದರು.

ಇಷ್ಟು ವೇಗದಲ್ಲಿ ಓಡುವ ಪಟ್ಟಾ, ಅಂಚಿಲ್ಲದ ಪುಲ್ಲಿಯ ಮೇಲಿಂದ ಜಾರಿ ಬೀಳುವುದಿಲ್ಲ ಏಕೆ? ಪುಲ್ಲಿಯನ್ನು ಬೆರಳಿಂದ ಸವರಿದರೆ ಉತ್ತರ ಸಿಗುತ್ತದೆ. ಅದರ ಮೈ ಸಮತಟ್ಟಾಗಿಲ್ಲ. ನಡುವೆ ತುಸು ಉಬ್ಬಿದೆ. ಉಬ್ಬಿದ್ದರೆ ಪಟ್ಟಾ ಇಳಿಜಾರಿನ ಕಡೆ ಜಾರಬೇಕಲ್ಲ ಎಂದು ತೋರುವುದು ಸಹಜ. ನಡೆಯುವುದು ಇದಕ್ಕೆ ತಿರುಗುಮುರುಗು. ಪಟ್ಟಾ ಒಂದು ಬದಿಗೆ ಸರಿದಾಗ, ಉಬ್ಬಿನ ಕಡೆಗಿರುವ ಅದರ ಅಂಚು ಹೆಚ್ಚು ಬಿಗಿಯಾಗುತ್ತದೆ. ಇದರಿಂದ ಪಟ್ಟಾ ಸ್ವಲ್ಪ ಡೊಂಕಾಗಿ, ಹೊಸದಾಗಿ ಬಂದು ಕೂರುವ ಭಾಗ ಎತ್ತರದ ಕಡೆಗೇ ಬಂದು ಕೂರುತ್ತದೆ. ಹೀಗೆ ಪ್ರತಿ ಸುತ್ತಿನಲ್ಲೂ ಅದು ತಾನಾಗಿಯೇ ನಡುವಿಗೆ ಮರಳುತ್ತದೆ. ಓಡುವ ಪಟ್ಟಾ ಏರನ್ನೇ ಹುಡುಕುತ್ತದೆ ಎಂಬುದು ಹಳೆಯ ಮಿಸ್ತ್ರಿಗಳ ಅನುಭವ.

ಹಿಂದಿನ ರಾಶಿ ಯಂತ್ರಗಳಿಗೂ ಟ್ರ್ಯಾಕ್ಟರಿನ ಬದಿಯ ಪುಲ್ಲಿಯಿಂದ ಇಂಥದೇ ಉದ್ದ ಪಟ್ಟಾ. ನಡುವೆ ಒಂದು ತಿರುವು ಹಾಕಿ 8ರ ಆಕಾರದಲ್ಲಿ ಏರಿಸಿದರೆ ಯಂತ್ರ ಎದುರು ದಿಕ್ಕಿಗೆ ತಿರುಗುತ್ತದೆ. ಜತೆಗೆ ಪಟ್ಟಾ ಪುಲ್ಲಿಯನ್ನು ಹೆಚ್ಚು ಭಾಗ ತಬ್ಬಿಕೊಳ್ಳುವುದರಿಂದ ಹಿಡಿತವೂ ಹೆಚ್ಚುತ್ತದೆ. ಆದರೆ ಚಪ್ಪಟೆ ಪಟ್ಟಾಕ್ಕೆ ಉದ್ದ ಜಾಗ ಬೇಕು, ಬಹಳ ಬಿಗಿ ಬೇಕು. ಮಳೆಹನಿ ಬಿದ್ದರೆ ಜಾರುತ್ತದೆ. ಆಗ ರಾಳದ ಪುಡಿ ಹಾಕಬೇಕು. ತೆರೆದ ಬಯಲಿನಲ್ಲಿ ಅಷ್ಟುದ್ದ ಓಡುವ ಪಟ್ಟಾದ ಹತ್ತಿರ ಮಕ್ಕಳು, ದನಕರುಗಳು ಸುಳಿದಾಡಿದರೆ ಆಗುವ ಅನಾಹುತ ಬೇರೆ.

ಬೆಣೆಯಾದ ಬೆಲ್ಟು

ಇದಕ್ಕೆ ಪರಿಹಾರವಾಗಿ ಬಂದದ್ದು ವಿ-ಬೆಲ್ಟು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸುವ ಕ್ರಮ ಕಂಡುಹಿಡಿದ ಮೇಲೆ, ಬಿಸಿಲಿಗೆ ಅಂಟಾಗದ, ಚಳಿಗೆ ಬಿರಿಯದ ರಬ್ಬರು ಕೈಗೆ ಬಂತು. ಅದೇ ದೇಶದ ಡೆನ್ವರ್ ಪಟ್ಟಣದಲ್ಲಿ 1917ರಲ್ಲಿ ಜಾನ್ ಗೇಟ್ಸ್ ಎಂಬವರು ರಬ್ಬರು ಮತ್ತು ದಾರದಿಂದ ವಿ ಆಕಾರದ ಬೆಲ್ಟನ್ನು ರೂಪಿಸಿದರು. ಮೇಲೆ ಅಗಲ, ಕೆಳಗೆ ಸಣ್ಣ. ಪುಲ್ಲಿಯಲ್ಲಿ ಅದೇ ಆಕಾರದ ತೋಡು. ಎಳೆತ ಹೆಚ್ಚಿದಷ್ಟೂ ಬೆಲ್ಟು ತೋಡಿನೊಳಗೆ ಬೆಣೆಯಂತೆ ಸೇರಿಕೊಂಡು ಎರಡೂ ಬದಿಗಳನ್ನು ಒತ್ತಿ ಹಿಡಿಯುತ್ತದೆ.

ಬೆಣೆಯಿಂದ ಎಷ್ಟು ಲಾಭ? ಇದಕ್ಕೆ ಗಣಿತವಿದೆ. ಹೋರಿಯ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಹುಡುಗನೊಬ್ಬ ಹಿಡಿದು ನಿಂತರೆ ಸಾಕು, ಹೋರಿ ಎಷ್ಟು ಜಗ್ಗಿದರೂ ಹಗ್ಗ ಸರಿಯುವುದಿಲ್ಲ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಗಣಿತಜ್ಞ ಲಿಯೋನಾರ್ಡ್ ಆಯ್ಲರ್ (1707–1783) ಇದನ್ನು ಸೂತ್ರವಾಗಿ ಬರೆದರು. ಆ ಸೂತ್ರದಂತೆ, ಪುಲ್ಲಿಯ ಅರ್ಧ ಭಾಗವನ್ನು ತಬ್ಬಿದ ಚಪ್ಪಟೆ ಪಟ್ಟಾದಲ್ಲಿ ಘರ್ಷಣೆಯ ಅಂಕ 0.3 ಎಂದು ಹಿಡಿದರೆ, ಬಿಗಿ ಬದಿಯ ಎಳೆತ ಸಡಿಲ ಬದಿಯ ಎಳೆತದ ಎರಡೂವರೆ ಪಟ್ಟಿನವರೆಗೆ ಹೋಗಬಹುದು. ಅದನ್ನು ಮೀರಿದರೆ ಜಾರುತ್ತದೆ. ಅದೇ ರಬ್ಬರನ್ನು 38 ಡಿಗ್ರಿಯ ತೋಡಿನಲ್ಲಿ ಬೆಣೆಯಂತೆ ಕೂರಿಸಿದರೆ ಈ ಮಿತಿ ಸುಮಾರು 18 ಪಟ್ಟು. ಗಿರಣಿಯ ಅಂಗಳದಷ್ಟು ಜಾಗ ಬೇಕಿದ್ದ ಕೆಲಸವನ್ನು ಒಂದು ಮೊಳದ ಅಂತರದಲ್ಲಿ, ಅಂಗೈಗಿಂತ ಕಿರಿದಾದ ಬೆಲ್ಟುಗಳಿಂದ ಮಾಡಲು ಆದದ್ದು ಈ ಕಾರಣದಿಂದ.

ಇಲ್ಲಿಂದ ಒಂದು ಪಾಠ ತಾನಾಗಿ ಹೊರಡುತ್ತದೆ. ವಿ-ಬೆಲ್ಟಿನ ಕೆಲಸವೆಲ್ಲ ಅದರ ಎರಡು ಬದಿಗಳಲ್ಲಿದೆ, ತಳದಲ್ಲಿಲ್ಲ. ಬೆಲ್ಟು ಸವೆದು ತೋಡಿನ ತಳ ಮುಟ್ಟಿತೆಂದರೆ ಬೆಣೆಯ ಗುಣ ಹೋಯಿತು. ಅದು ಮತ್ತೆ ಚಪ್ಪಟೆ ಪಟ್ಟಾ ಆಯಿತು. ಗಿರಣಿ ಪಟ್ಟಾಕ್ಕೆ ಹಾಕುವಂತೆ ವಿ-ಬೆಲ್ಟಿಗೆ ರಾಳ ಹಾಕುವುದೂ ತಪ್ಪು. ಆ ಕ್ಷಣಕ್ಕೆ ಜಾರುವುದು ನಿಂತರೂ, ಅಂಟಿಗೆ ಹೊಟ್ಟು ಧೂಳು ಮೆತ್ತಿ ಬದಿಗಳು ಬೇಗ ಹಾಳಾಗುತ್ತವೆ.

ಹಿಮದ ನಾಡಿನ ನೆಂಟ

ಕಣದ ಈ ಯಂತ್ರಕ್ಕೆ ದೂರದ ಹಿಮದ ನಾಡಿನಲ್ಲಿ ಒಬ್ಬ ನೆಂಟನಿದ್ದಾನೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಚಳಿಗಾಲವೆಂದರೆ ದಾರಿಗಳೆಲ್ಲ ಮುಚ್ಚಿಹೋಗುವ ಕಾಲ. ಅಲ್ಲಿನ ಆರ್ಥರ್ ಸಿಕಾರ್ ಎಂಬ ರೈತನ ಮಗ ರಾಶಿ ಯಂತ್ರವೊಂದು ತೆನೆಯನ್ನು ಒಳಗೆಳೆದು ಹುಲ್ಲನ್ನು ದೂರ ಎಸೆಯುವುದನ್ನು ಕಂಡು, ಹಿಮವನ್ನೂ ಹೀಗೆಯೇ ಎಸೆಯಬಾರದೇಕೆ ಎಂದು ಯೋಚಿಸಿದರಂತೆ. ಬಹಳ ವರ್ಷಗಳ ಪ್ರಯತ್ನದ ನಂತರ 1925ರಲ್ಲಿ ಅವರ ಹಿಮ ಎಸೆಯುವ ಯಂತ್ರ ಸಿದ್ಧವಾಯಿತು. ಇಂದು ಅಂಥ ದೇಶಗಳಲ್ಲಿ ಸಣ್ಣ ಟ್ರ್ಯಾಕ್ಟರುಗಳ ಮುಂದೆ ಕಟ್ಟುವ ಹಿಮದ ಯಂತ್ರಗಳಲ್ಲಿ ಹಲವು ವಿ-ಬೆಲ್ಟಿನಿಂದಲೇ ನಡೆಯುತ್ತವೆ. ಅಲ್ಲಿ ಒದ್ದೆ ಹಿಮ ಸಿಕ್ಕಿಕೊಂಡಾಗ ಬೆಲ್ಟು ಕಿರಿಚುತ್ತದೆ. ಇಲ್ಲಿ ಹಸಿ ಕಣಿಕೆ ಸಿಕ್ಕಿಕೊಂಡಾಗ ಕಿರಿಚುತ್ತದೆ. ರೋಗ ಒಂದೇ, ಮದ್ದೂ ಒಂದೇ.

ಕಿರಿಚುವುದನ್ನು ಕೇಳಿ ಬೆಲ್ಟನ್ನು ಬೈಯುವವರು ಒಂದು ವಿಷಯ ಮರೆಯುತ್ತಾರೆ. ಯಂತ್ರದಲ್ಲಿ ಏನಾದರೂ ಸಿಕ್ಕಿಕೊಂಡಾಗ ಬೆಲ್ಟು ಜಾರುವುದು ಅದರ ದೋಷವಲ್ಲ, ಅದರ ಉಪಕಾರ. ಅದು ಜಾರದಿದ್ದರೆ ಮುರಿಯುವುದು ಉರುಳೆಯ ದಂಡ, ಇಲ್ಲವೆ ಟ್ರ್ಯಾಕ್ಟರಿನ ಗೇರು. ಮನೆಯ ಕರೆಂಟಿಗೆ ಫ್ಯೂಜು ಇದ್ದಂತೆ ಯಂತ್ರಕ್ಕೆ ಬೆಲ್ಟು. ನೂರಾರು ರೂಪಾಯಿಯ ವಸ್ತು ತಾನು ಸುಟ್ಟುಕೊಂಡು ಸಾವಿರಾರು ರೂಪಾಯಿಯ ವಸ್ತುವನ್ನು ಉಳಿಸುತ್ತದೆ. ಆದ್ದರಿಂದ ಕಿರಿಚಿದಾಗ ಮಾಡಬೇಕಾದದ್ದು ಇನ್ನಷ್ಟು ಬಿಗಿಯುವುದಲ್ಲ. ಯಂತ್ರ ನಿಲ್ಲಿಸಿ, ಸಿಕ್ಕಿದ್ದೇನೆಂದು ನೋಡುವುದು.

ಮೈ ನೋಡಿ ರೋಗ ತಿಳಿಯುವುದು

ದನದ ಹಲ್ಲು ನೋಡಿ ವಯಸ್ಸು ಹೇಳುವವರಿದ್ದಾರೆ. ಬೆಲ್ಟಿನ ಮೈ ನೋಡಿಯೂ ಹಾಗೆಯೇ ಹೇಳಬಹುದು. ಬದಿಗಳು ಗಾಜಿನಂತೆ ಹೊಳೆಯುತ್ತಿದ್ದರೆ ಅದು ಬಹುಕಾಲ ಸಡಿಲವಾಗಿ ಓಡಿ, ಜಾರಿ, ಕಾದಿದೆ ಎಂದರ್ಥ. ಒಳಮೈಯಲ್ಲಿ ಅಡ್ಡಡ್ಡ ಬಿರುಕುಗಳಿದ್ದರೆ ಬಿಸಿಲಿನಲ್ಲಿ ಒಣಗಿದೆ, ಇಲ್ಲವೆ ತೀರ ಸಣ್ಣ ಪುಲ್ಲಿಯ ಮೇಲೆ ಅತಿಯಾಗಿ ಬಾಗಿದೆ. ಒಂದೇ ಬದಿ ಸವೆದು ನೂಲು ಎದ್ದಿದ್ದರೆ ಎರಡು ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಮೈ ಉಬ್ಬಿ ಮೆತ್ತಗಾಗಿದ್ದರೆ ಎಲ್ಲಿಂದಲೋ ಎಣ್ಣೆ, ಗ್ರೀಸು ಸುರಿಯುತ್ತಿದೆ. ಪುಲ್ಲಿಯ ಕೆಳಗೆ ಕಪ್ಪು ಪುಡಿ ಬಿದ್ದಿದ್ದರೆ ಬೆಲ್ಟು ಸವೆಯುತ್ತಿದೆ. ಬೇರಿಂಗು ಬಿಸಿಯಾಗಿ ಮುಟ್ಟಲಾಗದಿದ್ದರೆ ಬೆಲ್ಟನ್ನು ಅತಿಯಾಗಿ ಬಿಗಿದಿರಬಹುದು.

ಕಾವು ಬೆಲ್ಟಿನ ದೊಡ್ಡ ವೈರಿ. ಬೆಲ್ಟಿನ ಒಳಗಿನ ಕಾವು ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಬಾಳಿಕೆ ಅರ್ಧಕ್ಕೆ ಇಳಿಯುತ್ತದೆಂದು ತಯಾರಕರು ಹೇಳುತ್ತಾರೆ. ಜಮಖಂಡಿ, ಬೀಳಗಿ, ಮುಧೋಳದ ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ಮುಟ್ಟುವಾಗ, ಸಡಿಲ ಬೆಲ್ಟಿನ ಜಾರುವ ಕಾವೂ ಅದಕ್ಕೆ ಸೇರಿದರೆ ಹೊಸ ಬೆಲ್ಟೂ ಒಂದು ಸುಗ್ಗಿ ದಾಟುವುದು ಕಷ್ಟ.

ಬದಲಿಸುವ ಕ್ರಮ

ಬೆಲ್ಟಿನ ಬೆನ್ನಿನ ಮೇಲೆ ಅಕ್ಷರ ಮತ್ತು ಅಂಕೆ ಇರುತ್ತವೆ. ಅಕ್ಷರ ಅದರ ದಪ್ಪವನ್ನು ಹೇಳುತ್ತದೆ. ಎ ಎಂದರೆ ಮೇಲಿನ ಅಗಲ 13 ಮಿ.ಮೀ., ಎತ್ತರ 8 ಮಿ.ಮೀ. ಬಿ ಎಂದರೆ 17 ಮತ್ತು 11. ಸಿ ಎಂದರೆ 22 ಮತ್ತು 14. ಅಂಕೆ ಒಳಸುತ್ತಿನ ಉದ್ದವನ್ನು ಇಂಚಿನಲ್ಲಿ ಹೇಳುತ್ತದೆ. ಬಿ 72 ಎಂದರೆ ಬಿ ಜಾತಿಯ, 72 ಇಂಚಿನ ಬೆಲ್ಟು. ಬೆಲ್ಟು ಹೊಸದಿರುವಾಗಲೇ ಈ ಗುರುತನ್ನು ಯಂತ್ರದ ತಗಡಿನ ಒಳಮೈಯಲ್ಲಿ ಬಣ್ಣದಿಂದ ಬರೆದಿಟ್ಟರೆ, ಅಕ್ಷರ ಅಳಿಸಿಹೋದ ಹರಕು ಬೆಲ್ಟನ್ನು ಹಿಡಿದುಕೊಂಡು ಜಮಖಂಡಿಯ ಅಂಗಡಿಗಳ ಮುಂದೆ ಅಂದಾಜು ಮಾಡುತ್ತ ನಿಲ್ಲುವುದು ತಪ್ಪುತ್ತದೆ.

ಮೊದಲ ಕೆಲಸ ಟ್ರ್ಯಾಕ್ಟರನ್ನು ಪೂರ್ತಿ ಬಂದ್ ಮಾಡುವುದು. ಪಿಟಿಓ ಬಿಡಿಸಿದರೆ ಸಾಲದು. ಎಂಜಿನ್ ನಿಲ್ಲಬೇಕು, ಕೀಲಿ ಬೆಲ್ಟು ಬದಲಿಸುವವನ ಕಿಸೆಯಲ್ಲೇ ಇರಬೇಕು. ಭಾರದ ಉರುಳೆ ಎಂಜಿನ್ ನಿಂತ ಮೇಲೂ ಬಹಳ ಹೊತ್ತು ತಿರುಗುತ್ತಿರುತ್ತದೆ. ಅದು ನಿಲ್ಲುವ ತನಕ ಕೈ ಹಾಕಬಾರದು. ನಂತರ ಕಾಪು ತಗಡು ತೆಗೆದು, ಬಿಗಿಯುವ ಬೋಲ್ಟುಗಳನ್ನು ಸಡಿಲಿಸಿ, ಪುಲ್ಲಿಗಳನ್ನು ಹತ್ತಿರ ತರಬೇಕು. ಹಳೆಯ ಬೆಲ್ಟು ಆಗ ಕೈಯಿಂದಲೇ ಈಚೆ ಬರುತ್ತದೆ.

ಹೊಸದನ್ನು ಏರಿಸುವ ಮೊದಲು ಪುಲ್ಲಿಯನ್ನು ನೋಡಬೇಕು. ತೋಡಿನ ಬದಿಗಳು ಒಳಕ್ಕೆ ಗುಳಿಬಿದ್ದಿದ್ದರೆ, ತಳ ಹೊಳೆಯುತ್ತಿದ್ದರೆ, ಪುಲ್ಲಿಯನ್ನೇ ಬದಲಿಸಬೇಕು. ಸವೆದ ಪುಲ್ಲಿಗೆ ಹೊಸ ಬೆಲ್ಟು ಹಾಕುವುದು ತೂತು ಚೀಲಕ್ಕೆ ಕಾಳು ತುಂಬಿದಂತೆ. ಅಚ್ಚನ್ನು ಅಲುಗಿಸಿ ಬೇರಿಂಗು ಸಡಿಲವಿದೆಯೇ ಎಂದೂ ನೋಡಬೇಕು. ಬಳಿಕ ಎರಡು ಪುಲ್ಲಿಗಳ ಮುಖಕ್ಕೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಬೇಕು. ಪುಲ್ಲಿಗಳ ಅಂಚುಗಳು ಒಂದೇ ದಪ್ಪದವಾಗಿದ್ದು, ದಾರ ಎರಡೂ ಪುಲ್ಲಿಗಳ ಎರಡೆರಡು ಅಂಚುಗಳನ್ನು ಒಟ್ಟಿಗೆ ಮುಟ್ಟಿದರೆ ಸಾಲು ಸರಿಯಿದೆ. ಗೋಡೆ ಕಟ್ಟುವ ಗೌಂಡಿಯ ದಾರಕ್ಕಿಂತ ಹೆಚ್ಚಿನ ಸಾಧನ ಇದಕ್ಕೆ ಬೇಕಿಲ್ಲ.

ಬೆಲ್ಟನ್ನು ಸ್ಕ್ರೂಡ್ರೈವರಿನಿಂದಲೋ ಹಾರೆಯಿಂದಲೋ ಮೀಟಿ ಏರಿಸುವುದು ಎಲ್ಲೆಡೆ ಕಾಣುವ ಅಭ್ಯಾಸ. ಹೊರಗಿನಿಂದ ಏನೂ ಆದಂತೆ ಕಾಣದು. ಆದರೆ ಬೆಲ್ಟಿನ ಬಲವಿರುವುದು ಒಳಗೆ ಹಾಯ್ದಿರುವ ದಾರಗಳಲ್ಲಿ. ಮೀಟಿದಾಗ ಅವುಗಳಲ್ಲಿ ಕೆಲವು ಅಲ್ಲೇ ಹರಿಯುತ್ತವೆ. ಕೆಲವು ದಿನಗಳಲ್ಲೇ ಬೆಲ್ಟು ತೋಡಿನಲ್ಲಿ ಮಗುಚಿ ಬೀಳುತ್ತದೆ. ಕಂಪನಿ ಕೆಟ್ಟದೆಂದು ದೂರುವವರು ಹಾರೆಯನ್ನು ದೂರುವುದಿಲ್ಲ. ಇನ್ನೊಂದು ಮಾತು: ಒಂದೇ ಪುಲ್ಲಿಯ ಮೇಲೆ ಮೂರು ಬೆಲ್ಟುಗಳಿದ್ದು ಒಂದು ಹರಿದರೆ, ಮೂರನ್ನೂ ಒಟ್ಟಿಗೆ ಬದಲಿಸಬೇಕು. ಹಳೆಯವು ಹಿಗ್ಗಿರುತ್ತವೆ, ಹೊಸದೊಂದೇ ಬಿಗಿಯಾಗಿರುವುದರಿಂದ ಮೂವರ ಭಾರವನ್ನು ಒಂದೇ ಹೊರುತ್ತದೆ. ಹೊಸ ಎತ್ತನ್ನು ಮುದಿ ಎತ್ತಿನ ಜತೆ ನೊಗಕ್ಕೆ ಕಟ್ಟಿದರೆ ಏನಾಗುತ್ತದೆಂದು ರೈತನಿಗೆ ಹೇಳಬೇಕಾಗಿಲ್ಲ.

ಬಿಗಿ ಎಷ್ಟಿರಬೇಕು? ಪೂರ್ತಿ ಭಾರದಲ್ಲಿ ಜಾರದಿರುವಷ್ಟು. ಅದಕ್ಕಿಂತ ಹೆಚ್ಚು ಬೇಡ. ಅಳತೆಯಲ್ಲಿ ಹೇಳುವುದಾದರೆ, ಎರಡು ಪುಲ್ಲಿಗಳ ನಡುವೆ ಬೆಲ್ಟು ತೂಗುವ ಉದ್ದ 1 ಮೀಟರ್ ಇದ್ದರೆ, ತಯಾರಕರು ಹೇಳಿದಷ್ಟು ಬಲದಿಂದ ನಡುವೆ ಒತ್ತಿದಾಗ ಸುಮಾರು 16 ಮಿ.ಮೀ. ಬಾಗಬೇಕು. ಅರ್ಧ ಮೀಟರ್ ಇದ್ದರೆ 8 ಮಿ.ಮೀ. ಹೊಸ ಬೆಲ್ಟು ಮೊದಲ ದಿನ ತೋಡಿನಲ್ಲಿ ಕೂತುಕೊಂಡು ಸ್ವಲ್ಪ ಸಡಿಲಾಗುವುದು ಸಹಜ. ಆದ್ದರಿಂದ ಕೆಲವು ತಾಸು ಓಡಿದ ಮೇಲೊಮ್ಮೆ, ಮರುದಿನ ಮತ್ತೊಮ್ಮೆ ಬಿಗಿ ನೋಡಬೇಕು. ಈ ಎರಡನೆಯ ಬಿಗಿಯನ್ನು ಮರೆಯುವುದರಿಂದಲೇ ಹೆಚ್ಚಿನ ಹೊಸ ಬೆಲ್ಟುಗಳು ಬೇಗ ಹಾಳಾಗುತ್ತವೆ.

ಸುಗ್ಗಿ ಮುಗಿದ ಮೇಲೆ ಬೆಲ್ಟನ್ನು ಬಿಗಿಯಾಗಿಯೇ ಬಿಟ್ಟು ಯಂತ್ರವನ್ನು ಬಯಲಲ್ಲಿ ನಿಲ್ಲಿಸಬಾರದು. ಸಡಿಲಿಸಿ ಇಡಬೇಕು, ಇಲ್ಲವೆ ಬಿಚ್ಚಿ, ಒರೆಸಿ, ದೊಡ್ಡ ಸುತ್ತಾಗಿ ಮಡಿಸಿ, ಬಿಸಿಲು ಮತ್ತು ಇಲಿ ಮುಟ್ಟದ ಕಡೆ ಇಡಬೇಕು. ಮೊಳೆಗೆ ತೂಗುಹಾಕಿದರೆ ಅದರ ಭಾರಕ್ಕೇ ಒಂದು ಕಡೆ ಮುರುಕು ಬೀಳುತ್ತದೆ.

ಕಾಪು ತಗಡಿನ ಬೆಲೆ

ಇಷ್ಟೆಲ್ಲ ಹೇಳಿದ ಮೇಲೂ ಹೇಳಲೇಬೇಕಾದ ಮಾತೊಂದು ಉಳಿಯುತ್ತದೆ. ಟ್ರ್ಯಾಕ್ಟರಿನ ಪಿಟಿಓ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಅದೇ ವೇಗದಲ್ಲಿ ತಿರುಗುವ 30 ಸೆಂಟಿಮೀಟರ್ ಅಡ್ಡಳತೆಯ ಪುಲ್ಲಿಯ ಮೇಲೆ ಬೆಲ್ಟು ಸೆಕೆಂಡಿಗೆ ಎಂಟೂವರೆ ಮೀಟರ್ ಓಡುತ್ತದೆ. ಗಂಟೆಗೆ 30 ಕಿಲೋಮೀಟರ್ ಎಂದಾಯಿತು. ಸೀರೆಯ ಸೆರಗೋ, ಧೋತರದ ಚುಂಗೋ, ಹೆಗಲ ಮೇಲಿನ ಟವೆಲ್ಲೋ ಅದಕ್ಕೆ ತಾಕಿತೆಂದು ಮನುಷ್ಯ ಅರಿತು ಕೈ ಹಿಂದೆಳೆಯಲು ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಬೆಲ್ಟು ಎರಡು ಮೀಟರ್ ಎಳೆದುಕೊಂಡಿರುತ್ತದೆ. ‘ಹುಷಾರಾಗಿದ್ದರೆ ಆಯಿತು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಹುಷಾರಿಗಿಂತ ಬೆಲ್ಟು ವೇಗವಾಗಿ ಓಡುತ್ತದೆ.

ರಾಶಿ ಯಂತ್ರಗಳಿಗೆ ಕೈಕಾಲು ಕಳೆದುಕೊಂಡವರ ಗೋಳು ದೇಶದ ತುಂಬ ಕೇಳಿಬಂದದ್ದರಿಂದಲೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ಮಾಡಿತು. ಇಂಥ ಯಂತ್ರಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ಹದ್ದಿನಲ್ಲಿಡುವುದು, ಗಾಯಗೊಂಡ ಅಥವಾ ಸತ್ತ ಕೂಲಿಕಾರರ ಕಡೆಯವರಿಗೆ ಪರಿಹಾರ ಸಿಗುವಂತೆ ಮಾಡುವುದು ಅದರ ಉದ್ದೇಶ. ರಾಶಿ ಯಂತ್ರದ ಸುರಕ್ಷತೆ ಹೇಗಿರಬೇಕೆಂದು ಹೇಳುವ ಭಾರತೀಯ ಮಾನಕವೂ ಇದೆ. ಅದರ ಸಂಖ್ಯೆ 9020.

ಆದರೆ ಕಾಯ್ದೆ ಕಣದವರೆಗೆ ನಡೆದು ಬರುವುದಿಲ್ಲ. ಬೆಲ್ಟು ಬದಲಿಸುವ ಅವಸರದಲ್ಲಿ ಬಿಚ್ಚಿದ ಕಾಪು ತಗಡನ್ನು ಮರಳಿ ಹಾಕುವುದಕ್ಕೆ ನಾಲ್ಕು ಬೋಲ್ಟು, ಹತ್ತು ನಿಮಿಷ ಬೇಕು. ಮೋಡ ಕವಿದಿದೆ, ಮುಂದಿನ ಹೊಲದವರು ಕಾಯುತ್ತಿದ್ದಾರೆ, ಬಾಡಿಗೆ ತಾಸಿನ ಲೆಕ್ಕದಲ್ಲಿದೆ. ‘ಈ ಒಂದು ರಾಶಿ ಮುಗಿಯಲಿ, ಆಮೇಲೆ ಹಾಕಿದರಾಯಿತು’ ಎಂದು ತಗಡು ಗಿಡದ ಬುಡಕ್ಕೆ ಒರಗುತ್ತದೆ. ಅಪಾಯ ಶುರುವಾಗುವುದು ಅಲ್ಲಿಂದ. ಯಂತ್ರದ ಯಜಮಾನ ಹೆಚ್ಚಿನ ಸಲ ಟ್ರ್ಯಾಕ್ಟರಿನ ಮೇಲಿರುತ್ತಾನೆ. ಬೆಲ್ಟಿನ ಬದಿಗೆ ನಿಂತು ಸೂಡು ಎತ್ತಿಕೊಡುವವರು ದಿನಗೂಲಿಯವರು, ಅವರಲ್ಲೂ ಹೆಣ್ಣುಮಕ್ಕಳು. ಉಳಿದ ಹತ್ತು ನಿಮಿಷದ ಲಾಭ ಒಬ್ಬನದು, ನಷ್ಟ ಇನ್ನೊಬ್ಬರ ಕೈಯದು. ಬಿಗಿಯಾದ ಬೆಲ್ಟು, ಸರಿಯಾದ ಸಾಲು, ಒಳ್ಳೆಯ ಪುಲ್ಲಿ ಇವೆಲ್ಲ ಯಂತ್ರದ ಹಿತಕ್ಕೆ. ಕಾಪು ತಗಡೊಂದೇ ಮನುಷ್ಯರ ಹಿತಕ್ಕೆ.

ಮಹಾನವಮಿಯ ಖಂಡೇ ಪೂಜೆಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಟ್ರ್ಯಾಕ್ಟರು, ಯಂತ್ರ, ಗಿರಣಿ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕುತ್ತಾರೆ. ಹಿಂಗಾರಿನ ಜೋಳ, ಕಡಲೆ, ಗೋಧಿಗಳ ರಾಶಿಗೆ ಅಲ್ಲಿಂದ ಕೆಲವು ತಿಂಗಳ ಅವಕಾಶವಿರುತ್ತದೆ. ಬೆಲ್ಟಿನ ಮೈ ನೋಡುವುದಕ್ಕೆ, ದಾರ ಹಿಡಿದು ಪುಲ್ಲಿಯ ಸಾಲು ಪರೀಕ್ಷಿಸುವುದಕ್ಕೆ, ಕಳೆದುಹೋದ ಬೋಲ್ಟು ತಂದು ಕಾಪು ತಗಡನ್ನು ಅದರ ಜಾಗದಲ್ಲಿ ಕೂರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಯಂತ್ರ ಹೇಗೂ ಅಂದು ತೊಳೆದು ಶುಚಿಯಾಗಿರುತ್ತದೆ, ಎಂಜಿನ್ ನಿಂತಿರುತ್ತದೆ, ಮನೆಯವರೆಲ್ಲ ಸುತ್ತ ಸೇರಿರುತ್ತಾರೆ. ಮಾಲೆಯನ್ನು ಏರಿಸುವುದು ಈ ಕೆಲಸವಾದ ಮೇಲೆ.